ಹಚ್ಚೆಯ ಮಸಿಗೆ ಹೊಣೆ ಯಾರು?

2025ರ ಆರಂಭದಲ್ಲಿ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು, ಹಚ್ಚೆಗೆ ಬಳಸುವ ಮಸಿಯಲ್ಲಿ 22 ಬಗೆಯ ಲೋಹಗಳು ಪತ್ತೆಯಾಗಿವೆ, ಅದಕ್ಕೆ ಮಾನದಂಡ ನಿಗದಿಪಡಿಸಬೇಕೆಂದು ಕೇಂದ್ರ ಸರ್ಕಾರವನ್ನು ಕೇಳುತ್ತೇವೆ ಎಂದರು. ಇಂಥ ಸುದ್ದಿ ಬಂದಾಗಲೆಲ್ಲ ಎರಡು ಬಗೆಯ ಮಾತು ಕೇಳಿಬರುತ್ತದೆ. "ಈಗಿನ ಹುಡುಗರು ಹೇಳಿದರೆ ಕೇಳುವುದಿಲ್ಲ, ಅನುಭವಿಸಲಿ" ಎನ್ನುವುದು ಒಂದು. "ನನ್ನ ಮೈ, ನನ್ನ ಇಷ್ಟ" ಎನ್ನುವುದು ಇನ್ನೊಂದು. ಎರಡೂ ಕಡೆಯವರು ಕೇಳಬೇಕಿದ್ದ ಪ್ರಶ್ನೆ ಬೇರೆಯೇ ಇತ್ತು. ಯಾವ ಲೋಹ, ಯಾವ ರೂಪದಲ್ಲಿ, ಎಷ್ಟು? ಲೋಹಗಳ ಅಂಶ ಕೊಳವೆಬಾವಿಯ ನೀರಿನಲ್ಲೂ ಇದೆ, ಉಣ್ಣುವ ಅಕ್ಕಿಯಲ್ಲೂ ಇದೆ. ಪ್ರಮಾಣ ಹೇಳದೆ ಎಣಿಕೆಯನ್ನಷ್ಟೇ ಹೇಳಿದರೆ ಹೆದರಿಕೆ ಹುಟ್ಟುತ್ತದೆಯೇ ಹೊರತು ತಿಳಿವಳಿಕೆ ಹುಟ್ಟುವುದಿಲ್ಲ. ಹಾಗೆಂದು ಸಚಿವರ ಬೇಡಿಕೆ ತಪ್ಪೆನ್ನಲಾಗದು. ಅವರು ಬೆರಳಿಟ್ಟು ತೋರಿಸಿದ ಜಾಗದಲ್ಲಿ ನಿಜಕ್ಕೂ ಒಂದು ಕೊರತೆಯಿದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಹಚ್ಚೆಯ ಬಗ್ಗೆ ನನಗೆ ನೈತಿಕ ತಕರಾರಿಲ್ಲ. ವಯಸ್ಕ ವ್ಯಕ್ತಿಯೊಬ್ಬ ತನ್ನ ತೋಳಿನ ಮೇಲೆ ಅಪ್ಪುವಿನ ಮುಖ ಬರೆಸಿಕೊಂಡರೆ, ಹೆಣ್ಣುಮಗಳೊಬ್ಬಳು ಬೆನ್ನಿನ ಮೇಲೆ ಹಕ್ಕಿಯನ್ನು ಹಾಕಿಸಿಕೊಂಡರೆ ಸಮಾಜಕ್ಕೆ ಆಗುವ ಹಾನಿ ಏನೂ ಇಲ್ಲ. ನಮ್ಮಲ್ಲಿ ಆರೋಗ್ಯದ ಹೆಸರಿನಲ್ಲಿ ಹೊರಡುವ ಬುದ್ಧಿವಾದದೊಳಗೆ ಆರೋಗ್ಯಕ್ಕೆ ಸಂಬಂಧವೇ ಇಲ್ಲದ ಅಸಮಾಧಾನವೊಂದು ಅಡಗಿರುತ್ತದೆ. ಅದು ಹುಡುಗನ ತೋಳಿಗಿಂತ ಹುಡುಗಿಯ ಬೆನ್ನನ್ನು ಕಂಡಾಗ ಹೆಚ್ಚು ಜೋರಾಗುತ್ತದೆ ಎಂಬುದೇ ಅದರ ಮೂಲ ಎಲ್ಲಿದೆ ಎಂದು ತೋರಿಸಿಕೊಡುತ್ತದೆ. ಅದನ್ನು ಪಕ್ಕಕ್ಕಿಟ್ಟು ನೋಡಿದರೂ ಒಂದು ಪ್ರಶ್ನೆ ಹಾಗೇ ಉಳಿಯುತ್ತದೆ. ತನ್ನ ದೇಹದೊಳಕ್ಕೆ ಏನು ಹೋಗುತ್ತಿದೆ ಎಂಬುದು ತಿಳಿಯದವನು, ತಿಳಿಯಬೇಕೆಂದರೂ ದಾರಿಯಿಲ್ಲದವನು ಮಾಡಿದ ಆಯ್ಕೆಯನ್ನು ಸ್ವತಂತ್ರ ಆಯ್ಕೆ ಎನ್ನಬಹುದೆ?

ಮೊದಲು ದೇಹದಲ್ಲಿ ಆಗುವುದೇನೆಂದು ನೋಡೋಣ. ಯಂತ್ರದ ಸೂಜಿ ಹೊರಚರ್ಮವನ್ನು ದಾಟಿ ಒಂದೆರಡು ಮಿಲಿಮೀಟರ್ ಆಳದ ಒಳಚರ್ಮಕ್ಕೆ ಮಸಿಯನ್ನು ಸೇರಿಸುತ್ತದೆ, ನಿಮಿಷಕ್ಕೆ ನೂರಾರು, ಕೆಲವೊಮ್ಮೆ ಸಾವಿರಾರು ಬಾರಿ. ಹೊರಚರ್ಮ ಸದಾ ಉದುರಿ ಹೊಸದಾಗುತ್ತದೆ, ಒಳಚರ್ಮ ಹಾಗಲ್ಲ. ಹೊರಗಿನಿಂದ ಬಂದ ಕಣಗಳನ್ನು ಕಂಡ ರೋಗನಿರೋಧಕ ವ್ಯವಸ್ಥೆ ತನ್ನ ಭಕ್ಷಕ ಕೋಶಗಳನ್ನು ಕಳಿಸುತ್ತದೆ. ಅವು ಬಣ್ಣವನ್ನು ನುಂಗುತ್ತವೆ, ಜೀರ್ಣಿಸಿಕೊಳ್ಳಲಾರವು. ಫ್ರಾನ್ಸಿನ ಮಾರ್ಸೇಲ್‌ನ ವಿಜ್ಞಾನಿಗಳು 2018ರಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದಂತೆ, ಬಣ್ಣ ಹೊತ್ತ ಕೋಶ ಸತ್ತಾಗ ಅದು ಬಿಟ್ಟುಹೋದ ಕಣಗಳನ್ನು ಅಲ್ಲಿಗೆ ಬಂದ ಹೊಸ ಕೋಶ ನುಂಗುತ್ತದೆ. ಹಚ್ಚೆ ಶಾಶ್ವತವಾಗಿರುವುದು ಹೀಗೆ. ನಾವು ಚಿತ್ರವೆಂದು ನೋಡುತ್ತಿರುವುದು ಎಂದೂ ಮುಗಿಯದ ಒಂದು ಪ್ರತಿರೋಧವನ್ನು. ಎಲ್ಲ ಕಣಗಳೂ ಅಲ್ಲೇ ಉಳಿಯುವುದೂ ಇಲ್ಲ. ಗ್ರೆನೋಬಲ್‌ನ ಸಿಂಕ್ರೊಟ್ರಾನ್ ಕೇಂದ್ರದಲ್ಲಿ ಫ್ರೆಂಚ್ ಮತ್ತು ಜರ್ಮನ್ ಸಂಶೋಧಕರು ಹಚ್ಚೆಯಿದ್ದ ಮೃತರ ಅಂಗಾಂಶಗಳನ್ನು ಪರೀಕ್ಷಿಸಿ, ಅತಿಸೂಕ್ಷ್ಮ ಕಣಗಳು ದುಗ್ಧಗ್ರಂಥಿಗಳನ್ನು ತಲುಪಿ ಅಲ್ಲಿ ಶೇಖರವಾಗಿದ್ದನ್ನು 2017ರಲ್ಲಿ ದಾಖಲಿಸಿದರು. ಶೇಖರವಾದದ್ದೆಲ್ಲ ರೋಗ ತರುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ. ಆದರೆ "ಮೈಮೇಲೆ ಬರೆಸಿಕೊಂಡದ್ದು ಅಷ್ಟೆ" ಎಂಬ ಸಮಾಧಾನಕ್ಕೆ ಆಧಾರ ಉಳಿಯುವುದಿಲ್ಲ.

ಅಪಾಯಗಳಲ್ಲಿ ಯಾವ ಅನುಮಾನಕ್ಕೂ ಎಡೆಯಿಲ್ಲದ್ದು ಸೋಂಕು. ನಮ್ಮ ಜನ ಸೂಜಿ ಎಂದರೆ ಎಚ್‌ಐವಿಯನ್ನು ನೆನೆಯುತ್ತಾರೆ. ಲೆಕ್ಕ ಹೇಳುವುದು ಬೇರೆ. ಸೋಂಕಿತರ ರಕ್ತವಿದ್ದ ಸೂಜಿ ಚುಚ್ಚಿದಾಗ ಎಚ್‌ಐವಿ ತಗಲುವ ಸಂಭವ ಸುಮಾರು ಶೇ 0.3. ಹೆಪಟೈಟಿಸ್ ಸಿ ಶೇ 3ರ ಆಸುಪಾಸು. ಹೆಪಟೈಟಿಸ್ ಬಿ ತೀವ್ರವಾಗಿರುವ ವ್ಯಕ್ತಿಯ ರಕ್ತವಾದರೆ, ಲಸಿಕೆ ಪಡೆಯದವರಲ್ಲಿ ಅದು ಶೇ 30ರವರೆಗೂ ಹೋಗಬಹುದು. ಆಸ್ಪತ್ರೆ ಸಿಬ್ಬಂದಿಗೆ ಚುಚ್ಚಿದ ಸೂಜಿಗಳಿಂದ ಸಿಕ್ಕ ಅಂದಾಜು ಇದು, ಹಚ್ಚೆಯ ಸೂಜಿಗೆ ಯಥಾವತ್ತಾಗಿ ಅನ್ವಯಿಸಲಾಗದು. ಆದರೂ ಮೂರರಲ್ಲಿ ಯಾವುದಕ್ಕೆ ಹೆಚ್ಚು ಅಂಜಬೇಕು ಎಂಬುದು ಸ್ಪಷ್ಟ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ ಏಳು ದಿನ ಜೀವಂತವಿರಬಲ್ಲದು. ಅದರ ಲಸಿಕೆ ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದ ಭಾಗವಾಗಿ ಇಡೀ ದೇಶಕ್ಕೆ ವಿಸ್ತರಿಸಿದ್ದು 2011ರಲ್ಲಿ. ಎಂದರೆ ಇವತ್ತು ಹಚ್ಚೆ ಹಾಕಿಸಿಕೊಳ್ಳುವ ವಯಸ್ಸಿನಲ್ಲಿರುವ, ಇಪ್ಪತ್ತು ದಾಟಿದ ಪೀಳಿಗೆಯಲ್ಲಿ ಬಹಳಷ್ಟು ಮಂದಿಗೆ ಶೈಶವದಲ್ಲಿ ಈ ರಕ್ಷಣೆ ಸಿಕ್ಕಿರಲಾರದು. ಹಚ್ಚೆಯ ಅಂಗಡಿಗೆ ಹೋಗುವ ಮುನ್ನ ಮೂರು ಚುಚ್ಚುಮದ್ದು ಪೂರೈಸಿಕೊಳ್ಳಿ ಎಂಬ ಸರಳ ಸಲಹೆಯನ್ನು ನಾನು ಯಾವ ಅಂಗಡಿಯ ಗೋಡೆಯ ಮೇಲೂ ಕಂಡಿಲ್ಲ.

ಇಲ್ಲಿ ಬರುವ ಆಕ್ಷೇಪ ನನಗೆ ಗೊತ್ತು. ನಮ್ಮ ಅಜ್ಜಿಯರೆಲ್ಲ ಹಚ್ಚೆ ಹಾಕಿಸಿಕೊಂಡವರೇ ಅಲ್ಲವೆ? ಊರೂರು ಸುತ್ತುವ ಕೊರವಂಜಿಯ ಮುಂದೆ ಕೈಯೊಡ್ಡಿ, ದೀಪದ ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ ಚುಚ್ಚಿಸಿಕೊಂಡು, ತುಳಸಿಕಟ್ಟೆ, ಚೇಳು, ಗಂಡನ ಹೆಸರುಗಳನ್ನು ಮುಂಗೈ ಮೇಲೆ ಹೊತ್ತುಕೊಂಡೇ ಎಂಬತ್ತು ವರ್ಷ ಬಾಳಲಿಲ್ಲವೆ? ಬಾಳಿದರು. ಆದರೆ ಬಾಳಿದವರನ್ನು ಮಾತ್ರ ನಾವು ನೋಡಿದ್ದೇವೆ. ನಡುವಯಸ್ಸಿನಲ್ಲಿ ಕಾಮಾಲೆಯಿಂದ, ಹೊಟ್ಟೆಯಲ್ಲಿ ನೀರು ತುಂಬಿ ಸತ್ತ ಹೆಂಗಸಿನ ರೋಗಕ್ಕೂ ಅವಳ ಬಾಲ್ಯದ ಹಚ್ಚೆಗೂ ಸಂಬಂಧವಿತ್ತೆ ಎಂದು ಆಗ ಕೇಳುವ ಜ್ಞಾನವೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ಕೇಳಿದ ಕಡೆ ಉತ್ತರ ಸಿಕ್ಕಿದೆ. ಛತ್ತೀಸಗಢದ ಚರ್ಮವೈದ್ಯರೊಬ್ಬರು 2002ರಲ್ಲಿ ಹಚ್ಚೆಯ ಜಾಗದಲ್ಲೇ ಕುಷ್ಠದ ಮಚ್ಚೆ ಮೊದಲು ಕಾಣಿಸಿಕೊಂಡ 31 ಪ್ರಕರಣಗಳನ್ನು ವರದಿ ಮಾಡಿದರು. ಅವರೆಲ್ಲ ರಸ್ತೆಬದಿಯಲ್ಲಿ ಒಬ್ಬರಿಗೆ ಚುಚ್ಚಿದ ಸೂಜಿಯಲ್ಲೇ ಇನ್ನೊಬ್ಬರಿಗೂ ಚುಚ್ಚುವ ಕಡೆ ಹಾಕಿಸಿಕೊಂಡವರು. ಕುಷ್ಠದ ಬ್ಯಾಕ್ಟೀರಿಯಾ ಬಹಳ ನಿಧಾನವಾಗಿ ಬೆಳೆಯುವುದರಿಂದ, ಚುಚ್ಚಿಸಿಕೊಂಡದ್ದಕ್ಕೂ ಮಚ್ಚೆ ಕಂಡದ್ದಕ್ಕೂ ನಡುವೆ ಹಲವು ವರ್ಷ ಕಳೆದಿರುತ್ತದೆ. ಅಷ್ಟು ಹೊತ್ತಿಗೆ ಕಾರಣವನ್ನು ನೆನಪಿಟ್ಟುಕೊಳ್ಳುವವರು ಯಾರು? ಏನೂ ಆಗಲಿಲ್ಲ ಎಂಬ ನಂಬಿಕೆ ಉಳಿದುಬರಲು ಈ ಅಂತರವೇ ಸಾಕಾಯಿತು.

ಸೂಜಿ ಶುದ್ಧವಾಗಿದ್ದರೆ ಸಾಕೆ? ಸಾಲದು. 2011ರ ಕೊನೆಯಲ್ಲಿ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿ 19 ಮಂದಿಗೆ ಹಚ್ಚೆಯ ಮೇಲೆ ವಾಸಿಯಾಗದ ಗುಳ್ಳೆಗಳೆದ್ದವು. ಕಾರಣ ಕ್ಷಯದ ಬ್ಯಾಕ್ಟೀರಿಯಾದ ದೂರದ ನೆಂಟನಾದ ಮೈಕೋಬ್ಯಾಕ್ಟೀರಿಯಂ ಚಿಲೋನೆ. ಎಲ್ಲರಿಗೂ ಹಚ್ಚೆ ಹಾಕಿದ್ದು ಒಬ್ಬನೇ ಕಲಾವಿದ. ಅವನ ಕೈಯನ್ನು ದೂರುವುದು ಸುಲಭವಿತ್ತು. ತನಿಖೆ ಬೇರೆಡೆಗೆ ಕರೆದೊಯ್ದಿತು: ಕಾರ್ಖಾನೆಯಲ್ಲೇ ನೀರು ಬೆರೆಸಿ ತೆಳುಗೊಳಿಸಿದ್ದ ಬೂದು ಬಣ್ಣದ, ಮುಚ್ಚಳ ತೆರೆಯದ ಸೀಸೆಯಲ್ಲೂ ಅದೇ ಬ್ಯಾಕ್ಟೀರಿಯಾ ಸಿಕ್ಕಿತು. 2024ರಲ್ಲಿ ಅಮೆರಿಕದ ಸರ್ಕಾರಿ ವಿಜ್ಞಾನಿಗಳು ಮಾರುಕಟ್ಟೆಯ 75 ಸೀಸೆಗಳನ್ನು ಪರೀಕ್ಷಿಸಿದಾಗ 26ರಲ್ಲಿ ಬ್ಯಾಕ್ಟೀರಿಯಾ ಇತ್ತು. ಅವುಗಳಲ್ಲಿ ಕೆಲವು ಸೀಸೆಗಳ ಮೇಲೆ 'ಸ್ಟೆರೈಲ್' ಎಂದು ಬರೆದಿತ್ತು. ಗ್ರಾಹಕ ಎಷ್ಟೇ ಜಾಗರೂಕನಾಗಿರಲಿ, ಕಲಾವಿದೆ ಎಷ್ಟೇ ಪ್ರಾಮಾಣಿಕಳಾಗಿರಲಿ, ಸೀಸೆಯೊಳಗಿನದು ಇಬ್ಬರಿಗೂ ಕಾಣುವುದಿಲ್ಲ. ವೈಯಕ್ತಿಕ ಎಚ್ಚರಿಕೆ ಎಂಬ ಉಪದೇಶದ ಮಿತಿ ಇದು.

ಬಣ್ಣದ ಮಾತು ಇನ್ನೂ ತೊಡಕಿನದು. ಈ ಬಣ್ಣಗಳಲ್ಲಿ ಹೆಚ್ಚಿನವನ್ನು ಮನುಷ್ಯರ ಚರ್ಮದೊಳಗೆ ಇಡಲೆಂದು ಯಾರೂ ತಯಾರಿಸಿರಲಿಲ್ಲ. ಕೆಲವು ಮುದ್ರಣದ ಶಾಯಿಗೆ, ಕಾರಿನ ಪೇಂಟಿಗೆ ಬಳಕೆಯಾಗುವ ಕೈಗಾರಿಕಾ ದರ್ಜೆಯವು ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವೇ ಹೇಳುತ್ತದೆ. ಅಲರ್ಜಿ ಹೆಚ್ಚಾಗಿ ಕಾಣುವುದು ಕೆಂಪಿನಲ್ಲಿ. ಹಿಂದೆ ಅದಕ್ಕೆ ಪಾದರಸದ ಸಲ್ಫೈಡ್ ಬಳಸುತ್ತಿದ್ದರು, ಈಗ ಬಹುಪಾಲು ಅಜೋ ಗುಂಪಿನ ಸಾವಯವ ಬಣ್ಣಗಳು. ತಿಂಗಳುಗಳ, ಕೆಲವರಲ್ಲಿ ವರ್ಷಗಳ ಬಳಿಕ ಕೆಂಪಿನ ಭಾಗ ಮಾತ್ರ ಉಬ್ಬಿ ತುರಿಸತೊಡಗುತ್ತದೆ. ಅಂಗಡಿಯಲ್ಲಿ ಕೊಂಡ ಸಾಬೂನು ಮೈಗೆ ಆಗದಿದ್ದರೆ ತೊಳೆದುಕೊಂಡು ಎಸೆಯಬಹುದು, ಇದನ್ನು ತೊಳೆಯಲಾಗದು. ನಮ್ಮಂಥ ಕಪ್ಪು ಚರ್ಮದವರಲ್ಲಿ ಗಾಯ ಗಂಟುಗಟ್ಟಿ ಬೆಳೆಯುವ ಕೆಲಾಯ್ಡ್‌ನ ಪ್ರವೃತ್ತಿಯೂ ಹೆಚ್ಚು. ತಾತ್ಕಾಲಿಕವಾದದ್ದು ನಿರಪಾಯ ಎಂದುಕೊಳ್ಳುವಂತೆಯೂ ಇಲ್ಲ. ಮದುವೆ ಮನೆಗಳಲ್ಲಿ, ಪ್ರವಾಸಿ ತಾಣಗಳಲ್ಲಿ ಬೇಗ ಕಪ್ಪೇರಲೆಂದು ಹಚ್ಚುವ 'ಕಪ್ಪು ಮೆಹಂದಿ'ಯಲ್ಲಿ ಸೊಪ್ಪಿಗಿಂತ ಮುಖ್ಯವಾಗಿರುವುದು ಕೂದಲಿನ ಬಣ್ಣದ ಪಿಪಿಡಿ ಎಂಬ ರಾಸಾಯನಿಕ. ಅದು ಸುಟ್ಟಂತೆ ಬೊಬ್ಬೆ ಎಬ್ಬಿಸಬಲ್ಲದು. ಒಮ್ಮೆ ಆ ಅಲರ್ಜಿ ಬಂದರೆ ಜೀವನಪೂರ್ತಿ ಇರುತ್ತದೆ.

ಕ್ಯಾನ್ಸರಿನ ವಿಷಯಕ್ಕೆ ಬಂದಾಗ ನನ್ನ ವಾದಕ್ಕೆ ಅನುಕೂಲವೆಂದು ಸಾಕ್ಷ್ಯವನ್ನು ಹಿಗ್ಗಿಸಲಾರೆ. 2024ರಲ್ಲಿ ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಸಂಶೋಧಕರು 11,905 ಮಂದಿಯ ಅಧ್ಯಯನವೊಂದನ್ನು ಪ್ರಕಟಿಸಿದರು. ಹಚ್ಚೆಯಿದ್ದವರಲ್ಲಿ ಲಿಂಫೋಮಾ ಎಂಬ ದುಗ್ಧರಸದ ಕ್ಯಾನ್ಸರಿನ ಸಾಧ್ಯತೆ ಶೇ 21ರಷ್ಟು ಹೆಚ್ಚು ಎಂಬ ವಾಕ್ಯ ಜಗತ್ತಿನ ಪತ್ರಿಕೆಗಳಲ್ಲೆಲ್ಲ ತಲೆಬರಹವಾಯಿತು. ತಲೆಬರಹದಲ್ಲಿ ಬಾರದ ಮೂರು ಸಂಗತಿಗಳಿವೆ. ಆ ಅಂದಾಜಿನ ಅನಿಶ್ಚಿತತೆಯ ವ್ಯಾಪ್ತಿಯೊಳಗೆ 'ಯಾವ ವ್ಯತ್ಯಾಸವೂ ಇಲ್ಲ' ಎಂಬ ಸಾಧ್ಯತೆಯೂ ಸೇರಿತ್ತು. ಹಚ್ಚೆ ದೊಡ್ಡದಾದಷ್ಟೂ ಅಪಾಯ ಹೆಚ್ಚಬೇಕಿತ್ತು, ಹೆಚ್ಚಿರಲಿಲ್ಲ. ಮತ್ತು ಶೇ 21 ಎನ್ನುವುದು ಹೋಲಿಕೆಯ ಸಂಖ್ಯೆ: ಲಕ್ಷಕ್ಕೆ 20 ಮಂದಿಗೆ ಬರುವ ರೋಗವಾದರೆ 24 ಮಂದಿಗೆ ಬಂದಂತೆ. ಇದು ಸುಳಿವೇ ಹೊರತು ತೀರ್ಪಲ್ಲ. ಹಾಗೆಂದು ಸುಳಿವನ್ನು ಕಡೆಗಣಿಸುವುದೂ ಜಾಣತನವಲ್ಲ. ಕಣಗಳು ದುಗ್ಧಗ್ರಂಥಿ ಸೇರುತ್ತವೆ ಎಂದು ಗೊತ್ತಿರುವಾಗ, ಅದೇ ಗ್ರಂಥಿಯ ಕ್ಯಾನ್ಸರಿನ ಬಗ್ಗೆ ಪ್ರಶ್ನೆ ಎತ್ತಿದ್ದು ನ್ಯಾಯವಾದದ್ದೇ. ಉತ್ತರ ಸಿಗಲು ಇನ್ನೂ ಹಲವು ದೇಶಗಳಲ್ಲಿ, ಹಲವು ವರ್ಷ ಅಧ್ಯಯನ ನಡೆಯಬೇಕು.

ಕೆಲವು ಭಯಗಳನ್ನಂತೂ ಈಗಲೇ ಬಿಟ್ಟುಬಿಡಬಹುದು. ಎಂಆರ್‌ಐ ಯಂತ್ರ ಹಚ್ಚೆಯನ್ನು ಚರ್ಮದಿಂದ ಕಿತ್ತುಬಿಡುತ್ತದೆ ಎಂಬ ಮಾತು ವಾಟ್ಸ್ಆ್ಯಪ್‌ನಲ್ಲಿ ಸುತ್ತುತ್ತಿರುತ್ತದೆ. ಹಚ್ಚೆಯಿದ್ದ 330 ಮಂದಿಯನ್ನು ಎಂಆರ್‌ಐಗೆ ಒಳಪಡಿಸಿದ ಅಧ್ಯಯನವೊಂದರಲ್ಲಿ (2019) ಒಬ್ಬರಿಗೆ ಮಾತ್ರ ಅಲ್ಪ ತೊಂದರೆಯಾಯಿತು, ಅದೂ ಬೇಗ ಶಮನವಾಯಿತು. ತಂತ್ರಜ್ಞರಿಗೆ ಮೊದಲೇ ತಿಳಿಸಿದರೆ ಸಾಕು. ಹಚ್ಚೆ ಇದ್ದವರು ಎಂದೂ ರಕ್ತದಾನ ಮಾಡುವಂತಿಲ್ಲ ಎಂಬುದೂ ಸುಳ್ಳು. ನಮ್ಮ ರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ 12 ತಿಂಗಳು ಕಾಯಬೇಕು, ಆಮೇಲೆ ಕೊಡಬಹುದು.

ಈ ಹನ್ನೆರಡು ತಿಂಗಳಿನ ನಿಯಮ 'ನನ್ನ ಮೈ, ನನ್ನ ಇಷ್ಟ' ಎಂಬ ವಾದದ ಗಡಿಯನ್ನು ತೋರಿಸುತ್ತದೆ. ಆ ವಾದ ಬಹುಮಟ್ಟಿಗೆ ಸರಿ. ಆದರೆ ರಕ್ತನಿಧಿಯ ಅರ್ಜಿಯಲ್ಲಿ ಹಚ್ಚೆಯ ವಿಷಯ ಮುಚ್ಚಿಟ್ಟ ದಾನಿಯ ನಿರ್ಧಾರದ ಬೆಲೆ ತೆರುವುದು ಆ ರಕ್ತ ಪಡೆಯುವ, ಥಲಸೀಮಿಯಾ ಇರುವ ಮಗು. ಸೋಂಕು ತಗಲಿದ ಹೊಸತರಲ್ಲಿ ಪರೀಕ್ಷೆಗೆ ಅದು ಸಿಗದೆ ಹೋಗುವ ಅವಧಿ ಇರುತ್ತದೆ, ಕಾಯುವ ನಿಯಮ ಇರುವುದೇ ಅದಕ್ಕಾಗಿ. ಇನ್ನೊಬ್ಬ ವ್ಯಕ್ತಿಯನ್ನು ಈ ಚರ್ಚೆಯಲ್ಲಿ ಯಾರೂ ನೆನೆಯುವುದೇ ಇಲ್ಲ, ಹಚ್ಚೆ ಹಾಕುವವನನ್ನು. ದಿನವಿಡೀ ಅಪರಿಚಿತರ ರಕ್ತಕ್ಕೆ ಕೈಯೊಡ್ಡುವ ಕೆಲಸ ಅದು. ನರ್ಸಿಗೆ ಸೂಜಿ ಚುಚ್ಚಿದರೆ ಆಸ್ಪತ್ರೆಯಲ್ಲಿ ಒಂದು ಕ್ರಮವಿದೆ, ಔಷಧಿಯಿದೆ. ಜಾತ್ರೆಯಲ್ಲಿ ಕೂತವನಿಗೆ ಅದಿಲ್ಲ. ಇನ್ನು ಮಕ್ಕಳು. ಒಂಬತ್ತು ವರ್ಷದ ಹುಡುಗಿಯನ್ನು ಹಿಡಿದು ಕೂರಿಸಿ ಮುಂಗೈಗೆ ಚುಚ್ಚಿಸಿದ ಕಾಲದಲ್ಲಿ ಅವಳ ಒಪ್ಪಿಗೆಯನ್ನು ಕೇಳಿದವರಿರಲಿಲ್ಲ. ಪರಂಪರೆಯ ಸೊಗಸನ್ನು ಹೊಗಳುವಾಗ ಇದನ್ನು ಮರೆಯಬಾರದು. ಆದರೆ ಇಂದಿಗೂ ಹಚ್ಚೆಗೆ ಕನಿಷ್ಠ ವಯಸ್ಸು ಇಷ್ಟೇ ಎಂದು ದೇಶಕ್ಕೆಲ್ಲ ಅನ್ವಯಿಸುವ ಕಾನೂನು ನಮ್ಮಲ್ಲಿಲ್ಲ. ಹದಿನಾರರ ಹುಡುಗ ಯಾರದೋ ಹೆಸರು ಬರೆಸಿಕೊಂಡು ಹತ್ತೊಂಬತ್ತಕ್ಕೆ ಸೇನಾ ಭರ್ತಿಗೆ ಹೋಗುತ್ತಾನೆ. ಬುಡಕಟ್ಟು ಸಮುದಾಯಗಳಿಗೆ ಇರುವ ವಿನಾಯಿತಿ ಬಿಟ್ಟರೆ, ಸೇನೆಯಲ್ಲಿ ಹಚ್ಚೆಗೆ ಅನುಮತಿ ಮುಂಗೈಯ ಒಳಭಾಗ ಮತ್ತು ಅಂಗೈಯ ಹಿಂಭಾಗಕ್ಕೆ ಮಾತ್ರ. ಅಳಿಸಲು ಲೇಸರ್ ಇದೆ ನಿಜ, ಆದರೆ ಅದಕ್ಕೆ ಹಲವು ಸಲ ಹೋಗಬೇಕು, ಖರ್ಚು ಹಾಕಿಸಿಕೊಂಡದ್ದಕ್ಕಿಂತ ಹೆಚ್ಚು, ಕಪ್ಪು ಚರ್ಮದಲ್ಲಿ ಬಿಳಿಚಿದ ಕಲೆ ಉಳಿಯುವ ಸಂಭವವೂ ಇದೆ. ಅಜೋ ಬಣ್ಣಗಳು ಲೇಸರ್ ಬೆಳಕಿಗೆ ಒಡೆದಾಗ ಹಾನಿಕರ ಆರೊಮ್ಯಾಟಿಕ್ ಅಮೀನುಗಳು ಹುಟ್ಟಬಹುದೆಂದು ಪ್ರಯೋಗಾಲಯಗಳಲ್ಲಿ ಕಂಡಿದೆ.

ಈಗ ಒಪ್ಪಿಗೆಯ ಪ್ರಶ್ನೆಗೆ ಬರೋಣ. ದೊಡ್ಡ ಸ್ಟುಡಿಯೋಗಳಲ್ಲಿ ಸಹಿ ಹಾಕಿಸಿಕೊಳ್ಳುವ ಕಾಗದವೊಂದಿರುತ್ತದೆ, ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಅದರ ಸಾರ ಒಂದೇ: ಏನಾದರೂ ಆದರೆ ನಾವು ಹೊಣೆಯಲ್ಲ. ಇದು ಒಪ್ಪಿಗೆಯ ಪತ್ರವಲ್ಲ, ಅಂಗಡಿಯ ರಕ್ಷಣೆಯ ಪತ್ರ. ನಿಜವಾದ ಒಪ್ಪಿಗೆಯ ಪತ್ರದಲ್ಲಿ ಮೊದಲು ಪ್ರಶ್ನೆಗಳಿರಬೇಕು. ಸಕ್ಕರೆ ಕಾಯಿಲೆ ಇದೆಯೆ? ಹೃದಯದ ಕವಾಟದ ತೊಂದರೆ ಇದೆಯೆ, ಏಕೆಂದರೆ ಚರ್ಮದಿಂದ ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಅಲ್ಲಿ ಹೋಗಿ ಕೂರಬಲ್ಲದು. ರಕ್ತ ತೆಳುವಾಗಿಸುವ ಮಾತ್ರೆ, ಸ್ಟೆರಾಯ್ಡ್ ನುಂಗುತ್ತಿದ್ದೀರಾ? ಯಕೃತ್ತು ಹೇಗಿದೆ? ಇದನ್ನು ಕೇಳುವುದಕ್ಕೆ ಕಾರಣವಿದೆ. ಯಕೃತ್ತಿನ ಕಾಯಿಲೆಯಿದ್ದ 31 ವರ್ಷದ ವ್ಯಕ್ತಿಯೊಬ್ಬ ಹಚ್ಚೆ ಹಾಕಿಸಿಕೊಂಡ ಐದನೆಯ ದಿನ ಮೆಕ್ಸಿಕೋ ಕೊಲ್ಲಿಯಲ್ಲಿ ಈಜಿ, ಹಸಿ ಗಾಯದ ಮೂಲಕ ಸಮುದ್ರದ ವಿಬ್ರಿಯೋ ಸೋಂಕು ತಗಲಿ ಸತ್ತದ್ದು ವೈದ್ಯಕೀಯ ಪತ್ರಿಕೆಯಲ್ಲಿ 2017ರಲ್ಲಿ ದಾಖಲಾಗಿದೆ. ಗೋಕರ್ಣದ ಕಡಲತೀರದಲ್ಲೋ ಗೋವೆಯಲ್ಲೋ ರಜೆಯ ಮೊದಲ ದಿನ ಹಚ್ಚೆ ಹಾಕಿಸಿಕೊಂಡು ಮರುದಿನ ನೀರಿಗಿಳಿಯುವವರಿಗೆ ಈ ಮಾತನ್ನು ಯಾರಾದರೂ ಹೇಳಬೇಕಲ್ಲ?

ಕಾನೂನು ಇಲ್ಲಿ ಅಸಹಾಯಕವಾಗಿಲ್ಲ. 1940ರ ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯ್ದೆ ಸೌಂದರ್ಯವರ್ಧಕವನ್ನು ವ್ಯಾಖ್ಯಾನಿಸುವಾಗ, ಹಚ್ಚುವ, ಸುರಿಯುವ, ಸಿಂಪಡಿಸುವ ವಸ್ತುಗಳ ಜೊತೆಗೆ ಅಂದಕ್ಕಾಗಿ ದೇಹದೊಳಕ್ಕೆ ಸೇರಿಸುವ ವಸ್ತುವನ್ನೂ ಹೆಸರಿಸುತ್ತದೆ. ಹಚ್ಚೆಯ ಮಸಿಗೆ ಇದಕ್ಕಿಂತ ಸರಿಯಾದ ವರ್ಣನೆ ಬೇಕೆ? ಇಲ್ಲದಿರುವುದು ಮಸಿಗೆಂದೇ ರೂಪಿಸಿದ ಮಾನದಂಡ, ಮಾದರಿ ಪರೀಕ್ಷೆ, ಅಂಗಡಿಗಳ ನೋಂದಣಿ. ಯುರೋಪ್ ಒಕ್ಕೂಟ 2022ರ ಜನವರಿ 4ರಿಂದ ಹಚ್ಚೆಯ ಮಸಿಯಲ್ಲಿ 4,000ಕ್ಕೂ ಹೆಚ್ಚು ರಾಸಾಯನಿಕಗಳನ್ನು ನಿರ್ಬಂಧಿಸಿತು. ನಿರ್ಬಂಧಕ್ಕಿಂತ ಅದರ ಇನ್ನೊಂದು ಅಂಶ ನನಗೆ ಹೆಚ್ಚು ಹಿಡಿಸಿತು: ಸೀಸೆಯ ಮೇಲೆ ಬ್ಯಾಚ್ ಸಂಖ್ಯೆಯೂ ಒಳಗಿರುವ ವಸ್ತುಗಳ ಪಟ್ಟಿಯೂ ಆಯಾ ದೇಶದ ಭಾಷೆಯಲ್ಲಿರಬೇಕು, ಆ ವಿವರವನ್ನು ಹಚ್ಚೆ ಹಾಕುವವರು ಹಾಕಿಸಿಕೊಳ್ಳುವವರಿಗೆ ಸೂಜಿ ಮುಟ್ಟಿಸುವ ಮೊದಲೇ ತಿಳಿಸಬೇಕು. ವಯಸ್ಕನನ್ನು ವಯಸ್ಕನಂತೆ ನಡೆಸಿಕೊಳ್ಳುವುದು ಹೀಗೆ.

ಇಂಥ ನಿಯಮಗಳು ಬಂದರೆ ಇಂದಿರಾನಗರದ ಸ್ಟುಡಿಯೋ ಪರವಾನಗಿ ಪಡೆದು ಮುಂದುವರಿಯುತ್ತದೆ, ಜಾತ್ರೆಯಲ್ಲಿ ಬ್ಯಾಟರಿ ಯಂತ್ರ ಇಟ್ಟುಕೊಂಡು ಕೂತವನ ಅನ್ನ ಹೋಗುತ್ತದೆ ಎಂಬ ಆಕ್ಷೇಪವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುತ್ತೇನೆ. ಈ ಕಸುಬನ್ನು ತಲೆಮಾರುಗಳಿಂದ ನಡೆಸಿಕೊಂಡು ಬಂದವರು ಅಲೆಮಾರಿ ಸಮುದಾಯಗಳ ಬಡ ಹೆಂಗಸರು. ಪೊಲೀಸರನ್ನು ಕಳಿಸಿ ಅವರನ್ನು ಎಬ್ಬಿಸಿದರೆ ಹಚ್ಚೆ ನಿಲ್ಲುವುದಿಲ್ಲ, ಗುಡಾರದ ಹಿಂದಕ್ಕೆ ಸರಿಯುತ್ತದೆ, ಸೂಜಿ ಇನ್ನಷ್ಟು ಕೊಳಕಾಗುತ್ತದೆ. ಆದರೆ ಈಗಿನ ಸ್ಥಿತಿಯೂ ಅವರಿಗಾಗಲಿ, ಅವರ ಗಿರಾಕಿಗಳಿಗಾಗಲಿ ಮಾಡುತ್ತಿರುವ ಉಪಕಾರವಲ್ಲ. ನಗರದಲ್ಲಿ ಸಾವಿರಗಟ್ಟಲೆ ಕೊಟ್ಟವನಿಗೆ ಹೊಸ ಸೂಜಿ, ಜಾತ್ರೆಯಲ್ಲಿ ನೂರಿನ್ನೂರು ಕೊಟ್ಟವನಿಗೆ ಹಿಂದಿನವನ ರಕ್ತ ಮೆತ್ತಿದ ಸೂಜಿ ಎಂಬ ಏರ್ಪಾಡನ್ನು ಬಡವರ ಪರ ಎನ್ನುವುದು ಹೇಗೆ? ದೊಡ್ಡ ಜಾತ್ರೆಗಳಿಗೆ ಆರೋಗ್ಯ ಇಲಾಖೆ ಹೇಗೂ ಹೋಗುತ್ತದೆ, ನೀರಿಗೆ ಕ್ಲೋರಿನ್ ಹಾಕುತ್ತದೆ, ಪ್ರಥಮ ಚಿಕಿತ್ಸೆಯ ಡೇರೆ ಹಾಕುತ್ತದೆ. ಅದೇ ಡೇರೆಯಲ್ಲಿ ಹಚ್ಚೆ ಹಾಕುವವರ ಹೆಸರು ಬರೆದುಕೊಂಡು, ಅವರಿಗೆ ಹೆಪಟೈಟಿಸ್ ಬಿ ಲಸಿಕೆ ಹಾಕಿ, ಮೊಹರು ಒಡೆಯದ ಒಂದೇ ಬಳಕೆಯ ಸೂಜಿಗಳನ್ನೂ ಬಳಸಿದ್ದನ್ನು ಹಾಕಲು ಡಬ್ಬಿಯನ್ನೂ ಕೊಡಲು ಹೊಸ ಕಾಯ್ದೆ ಬೇಕಿಲ್ಲ. ಒಂದು ಸೂಜಿಗೆ ಹತ್ತಾರು ರೂಪಾಯಿಗಳಾಗಬಹುದು. 2018ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಹೆಪಟೈಟಿಸ್ ಬಿ ಮತ್ತು ಸಿ ರೋಗಿಗಳಿಗೆ ಸರ್ಕಾರ ಈಗಾಗಲೇ ಉಚಿತವಾಗಿ ಔಷಧಿ ಕೊಡುತ್ತಿದೆ. ಅದರಲ್ಲಿ ಸಿ ರೋಗಿಗೆ ಸಾಮಾನ್ಯವಾಗಿ ಹನ್ನೆರಡು ವಾರ ಮಾತ್ರೆ ಸಾಕು, ಬಿ ರೋಗಿಯಾದರೆ ಅನೇಕರು ಬದುಕಿರುವಷ್ಟು ಕಾಲ ನುಂಗಬೇಕು.